ಉರಿಯುತ್ತಿರುವುದು ಕಾರೋ, ಬ್ಯಾಟರಿಯೋ? ಇವಿ ಬೆಂಕಿಯ ಮುಂದೆ ಅಗ್ನಿಶಾಮಕ ದಳದ ಲೆಕ್ಕಾಚಾರ

ವಿದ್ಯುತ್ ಕಾರಿಗೆ, ಅಂದರೆ ಇವಿಗೆ, ಬೆಂಕಿ ಬಿದ್ದಿದೆ ಎಂಬ ಕರೆ ಬಂದರೆ, ಸ್ಥಳಕ್ಕೆ ಹೋದ ಅಧಿಕಾರಿ ಮೊದಲು ಪತ್ತೆ ಹಚ್ಚಬೇಕಾದದ್ದು ಉರಿಯುತ್ತಿರುವುದು ಕಾರೋ, ಬ್ಯಾಟರಿಯೋ ಎಂಬುದನ್ನು. ಸೀಟು, ಡ್ಯಾಶ್‌ಬೋರ್ಡ್, ಟೈರು, ವೈರಿಂಗ್ ಹೊತ್ತಿಕೊಂಡು ಬ್ಯಾಟರಿ ಇನ್ನೂ ತಣ್ಣಗಿದ್ದರೆ ಅದು ಉಳಿದೆಲ್ಲ ಕಾರುಗಳ ಬೆಂಕಿಯಂತೆಯೇ. ಒಂದು ಹೋಸ್ ಎಳೆದು ಮಾಮೂಲಿ ರೀತಿಯಲ್ಲಿ ಆರಿಸಿದರೆ ಆಯಿತು. ಬ್ಯಾಟರಿಯೊಳಗೇ ಸೆಲ್‌ಗಳು ಒಂದರ ಹಿಂದೊಂದು ಕೆಡುತ್ತಿದ್ದರೆ ಲೆಕ್ಕವೇ ಬೇರೆ. ನೀರು ಸಾವಿರಾರು ಲೀಟರ್ ಬೇಕು, ಸಮಯ ಗಂಟೆಗಟ್ಟಲೆ ಬೇಕು, ಆರಿತು ಅಂದುಕೊಂಡ ಮೇಲೂ ದಿನಗಟ್ಟಲೆ ನಿಗಾ ಬೇಕು. ಈ ಎರಡನ್ನೂ ಒಂದೇ ಬಗೆಯಲ್ಲಿ ಎದುರಿಸಲು ಹೋದಾಗಲೇ ಹೆಚ್ಚಿನ ಎಡವಟ್ಟುಗಳು ಆಗುವುದು. ಮೊದಲನೆಯದಕ್ಕೆ ಹೆದರಿ ದೂರ ನಿಂತರೆ ಉಳಿಸಬಹುದಾಗಿದ್ದ ಬ್ಯಾಟರಿಗೂ ಬೆಂಕಿ ತಗಲುತ್ತದೆ. ಎರಡನೆಯದನ್ನು ಮಾಮೂಲಿ ಬೆಂಕಿ ಎಂದುಕೊಂಡರೆ ಟ್ಯಾಂಕರ್ ಅರ್ಧ ದಾರಿಯಲ್ಲೇ ಖಾಲಿಯಾಗುತ್ತದೆ.

ಬ್ಯಾಟರಿ ಕೆಟ್ಟಿದೆಯೇ ಎಂಬುದಕ್ಕೆ ಕಣ್ಣು ಕಿವಿಗೆ ಸಿಗುವ ಸುಳಿವುಗಳಿವೆ. ಕಾರಿನ ಅಡಿಯಿಂದ, ಚಕ್ರಗಳ ಸಂದಿಯಿಂದ ಬಿಳಿ ಅಥವಾ ಬೂದು ಬಣ್ಣದ ಹೊಗೆ ರಭಸದಿಂದ ನುಗ್ಗಿ ನೆಲಕ್ಕಂಟಿಕೊಂಡು ಹರಿಯುತ್ತದೆ. ಬುಸ್ ಎನ್ನುವ ಸದ್ದು, ನಡುನಡುವೆ ಪಟಾಕಿ ಸಿಡಿದಂಥ ಚಟಪಟ ಕೇಳಿಸುತ್ತದೆ. ಆಮೇಲೆ ಬ್ಯಾಟರಿ ಪೆಟ್ಟಿಗೆಯ ಅಂಚಿನಿಂದ ಗ್ಯಾಸ್ ಕಟರ್‌ನಂತೆ ಅಡ್ಡಡ್ಡ ಚಿಮ್ಮುವ ಜ್ವಾಲೆ. ಬಿಳಿ ಹೊಗೆಯನ್ನು ಹಬೆ ಎಂದು ತಿಳಿದು ಹತ್ತಿರ ಹೋಗುವುದು ತೀರಾ ಅಪಾಯಕಾರಿ. ಅದರಲ್ಲಿರುವುದು ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್, ಮೀಥೇನ್, ಎಥಿಲೀನ್, ಸೆಲ್ಲಿನೊಳಗಿನ ದ್ರವವಾದ ಎಲೆಕ್ಟ್ರೋಲೈಟ್‌ನ ದ್ರಾವಕದ ಆವಿ. ಎಲ್ಲವೂ ಹೊತ್ತಿ ಉರಿಯುವಂಥವೇ.

ಒಳಗೆ ಏನಾಗುತ್ತದೆ

ಲಿಥಿಯಂ ಅಯಾನ್ ಸೆಲ್ 80ರಿಂದ 120 ಡಿಗ್ರಿ ಸೆಲ್ಸಿಯಸ್ ದಾಟುವಾಗ ಅದರ ಆನೋಡ್ (ಋಣ ಧ್ರುವ) ಮೇಲಿನ ರಕ್ಷಣಾ ಪದರ ಕಳಚತೊಡಗುತ್ತದೆ. ಈ ಕ್ರಿಯೆಯೇ ಇನ್ನಷ್ಟು ಶಾಖ ಹುಟ್ಟಿಸುತ್ತದೆ. ಸುಮಾರು 130 ಡಿಗ್ರಿಗೆ ಧನ ಮತ್ತು ಋಣ ಧ್ರುವಗಳ ನಡುವಿನ ಪಾಲಿಎಥಿಲೀನ್ ಹಾಳೆ ಕರಗಿ, ಒಳಗೇ ಶಾರ್ಟ್ ಆಗುತ್ತದೆ. 200 ಡಿಗ್ರಿ ದಾಟಿದ ಮೇಲೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸಿದ ಸೆಲ್‌ಗಳಲ್ಲಿ ಕ್ಯಾಥೋಡ್ (ಧನ ಧ್ರುವ) ಆಮ್ಲಜನಕವನ್ನು ಬಿಡುತ್ತದೆ. ಅಲ್ಲಿಂದಾಚೆಗೆ ಸೆಲ್ ತನ್ನ ಶಾಖದಿಂದಲೇ ತಾನು ಕಾಯುತ್ತ ಹೋಗುತ್ತದೆ, ಹೊರಗಿನ ಬೆಂಕಿಯ ನೆರವು ಅದಕ್ಕೆ ಬೇಕಿಲ್ಲ. ಇದಕ್ಕೇ ಥರ್ಮಲ್ ರನ್‌ಅವೇ ಎನ್ನುವುದು. ಒಂದು ಸೆಲ್ಲಿನ ಶಾಖ ಪಕ್ಕದ ಸೆಲ್ಲಿಗೆ, ಒಂದು ಮಾಡ್ಯೂಲಿನದು (ಸೆಲ್‌ಗಳ ಗುಂಪಿನದು) ಮುಂದಿನ ಮಾಡ್ಯೂಲಿಗೆ ದಾಟುತ್ತದೆ.

ಇಲ್ಲಿಂದಲೇ ಆರಿಸುವ ವಿಧಾನವೂ ತೀರ್ಮಾನವಾಗುತ್ತದೆ. ಒಣಪುಡಿ, ಕಾರ್ಬನ್ ಡೈಆಕ್ಸೈಡ್, ಫೋಮ್ ಇವು ಹೊರಗಿನ ಜ್ವಾಲೆಯನ್ನು ಕ್ಷಣಕಾಲ ಅಡಗಿಸಬಹುದು, ಸೆಲ್ಲಿನ ಶಾಖವನ್ನು ಹೀರಿಕೊಳ್ಳಲಾರವು. ಗಾಳಿಯನ್ನು ತಡೆದು ಬೆಂಕಿಯನ್ನು ಕೊಲ್ಲುವ ತಂತ್ರ ಇಲ್ಲಿ ನಡೆಯುವುದಿಲ್ಲ. ತಣಿಸಬೇಕು, ತಣಿಸುವುದರಲ್ಲಿ ನೀರಿಗೆ ಸಾಟಿಯಿಲ್ಲ. ಲಿಥಿಯಂ ಇದೆ, ನೀರು ಬಿದ್ದರೆ ಸ್ಫೋಟವಾಗುತ್ತದೆ ಎಂಬ ಅಂಜಿಕೆ ಇನ್ನೂ ಹಲವು ಠಾಣೆಗಳಲ್ಲಿ ಇದೆ. ಈ ಬ್ಯಾಟರಿಗಳಲ್ಲಿ ಇರುವುದು ಲಿಥಿಯಂ ಲೋಹವಲ್ಲ, ಲಿಥಿಯಂ ಸಂಯುಕ್ತಗಳು. ಲೋಹದ ಬೆಂಕಿಗೆಂದು ಇಟ್ಟ ವಿಶೇಷ ಪುಡಿಯನ್ನು ಇದಕ್ಕೆ ಸುರಿಯುವುದು ಸಮಯ ಹಾಳು.

ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಹೆಚ್ಚಿನ ಶಾಖ ತಡೆಯುತ್ತವೆ, ಕೆಟ್ಟರೂ ಕಡಿಮೆ ಬಿಸಿಯಾಗುತ್ತವೆ. ಹಾಗೆಂದು ಅವುಗಳ ಮುಂದೆ ಮೈಮರೆಯುವಂತಿಲ್ಲ. ಅವು ಬಿಡುವ ಅನಿಲದಲ್ಲಿ ಹೈಡ್ರೋಜನ್ ಪಾಲು ಹೆಚ್ಚು, ತಾನಾಗಿ ಹೊತ್ತಿಕೊಳ್ಳುವಷ್ಟು ಬಿಸಿ ಮಾತ್ರ ಹಲವು ಬಾರಿ ಇರುವುದಿಲ್ಲ. ಹೊತ್ತಿಕೊಳ್ಳದ ಅನಿಲ ಗ್ಯಾರೇಜಿನಲ್ಲೋ ಬಸ್ಸಿನ ಒಳಗೋ ತುಂಬಿ ನಿಂತು, ಒಂದು ಕಿಡಿಗೆ ಒಟ್ಟಿಗೇ ಸ್ಫೋಟಿಸುತ್ತದೆ. ಜ್ವಾಲೆ ಕಾಣದೆ ಹೊಗೆ ಮಾತ್ರ ಕಾಣುವ ಬ್ಯಾಟರಿ, ಉರಿಯುವ ಬ್ಯಾಟರಿಗಿಂತ ಹೆಚ್ಚು ಎಚ್ಚರ ಬೇಡುತ್ತದೆ.

ನೀರಿನ ಲೆಕ್ಕ

60 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿ ತುಂಬಿರುವ ವಿದ್ಯುತ್ ಶಕ್ತಿ 216 ಮೆಗಾಜೂಲ್. 20 ಡಿಗ್ರಿಯ ಒಂದು ಲೀಟರ್ ನೀರು ಪೂರ್ತಿ ಆವಿಯಾಗುವಾಗ ಸುಮಾರು 2.6 ಮೆಗಾಜೂಲ್ ಶಾಖ ಹೀರುತ್ತದೆ. ಭಾಗಿಸಿದರೆ 83 ಲೀಟರ್ ಬರುತ್ತದೆ. ಸೆಲ್ಲಿನ ರಾಸಾಯನಿಕ ಕ್ರಿಯೆಗಳ ಶಾಖವನ್ನೂ ಸೇರಿಸಿ ಮೂರು ಪಟ್ಟು ಹಿಡಿದರೂ 250 ಲೀಟರ್. ಕಾಗದದ ಮೇಲೆ ಅಷ್ಟೇ ಸಾಕು.

ಮೈದಾನದಲ್ಲಿ ಆಗುವುದೇ ಬೇರೆ. ಅಮೆರಿಕದ ಅಗ್ನಿ ಸಂಶೋಧನಾ ಪ್ರತಿಷ್ಠಾನ 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದೊಂದು ಬ್ಯಾಟರಿಗೆ ಸುಮಾರು 1,000ದಿಂದ 10,000 ಲೀಟರ್ ನೀರು ಹಿಡಿಯಿತು, ಅವು ಈಗಿನ ಬ್ಯಾಟರಿಗಳಿಗಿಂತ ಚಿಕ್ಕವು. ಟೆಸ್ಲಾ ತನ್ನ ತುರ್ತು ಕೈಪಿಡಿಯಲ್ಲಿ ಸುಮಾರು 11,000ದಿಂದ 30,000 ಲೀಟರ್ ಬೇಕಾಗಬಹುದು ಎಂದು ಬರೆದಿದೆ. 2024ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿಯಲ್ಲಿ ವಿದ್ಯುತ್ ಲಾರಿಯೊಂದು ಅಪಘಾತಕ್ಕೀಡಾಗಿ ಹೊತ್ತಿಕೊಂಡಾಗ ಸುರಿದ ನೀರು ಸುಮಾರು 1,90,000 ಲೀಟರ್.

250 ಲೀಟರ್ ಎಲ್ಲಿ, 30,000 ಲೀಟರ್ ಎಲ್ಲಿ? ಈ ಅಂತರಕ್ಕೆ ಕಾರಣ ಬ್ಯಾಟರಿಯ ಪೆಟ್ಟಿಗೆ. ಮಳೆ, ಧೂಳು, ಕಲ್ಲೇಟು ತಾಕದಂತೆ ಅದನ್ನು ಸೀಲ್ ಮಾಡಿ, ಕಾರಿನ ನೆಲದ ಅಡಿ ಕೂರಿಸಿರುತ್ತಾರೆ. ಮೇಲಿಂದ ಸುರಿದ ನೀರು ಬಾನೆಟ್, ನೆಲಹಾಸು, ಪೆಟ್ಟಿಗೆಯ ಮುಚ್ಚಳ ತೊಳೆದು ರಸ್ತೆಗೆ ಹರಿಯುತ್ತದೆ. ಕಾದ ಸೆಲ್ಲಿಗೆ ತಾಕುವ ಪಾಲು ಅತ್ಯಲ್ಪ. ಹಾಗಾಗಿ ಇನ್ನೆಷ್ಟು ಟ್ಯಾಂಕರ್ ತರಿಸೋಣ ಎಂಬುದಕ್ಕಿಂತ ಈ ನೀರು ಬ್ಯಾಟರಿಯವರೆಗೆ ಹೋಗುತ್ತಿದೆಯೇ ಎಂಬುದನ್ನು ತಂಡದ ನಾಯಕ ಪದೇಪದೇ ಕೇಳಿಕೊಳ್ಳಬೇಕು. ಇವಿ ಬೆಂಕಿಯ ತರಬೇತಿಯಲ್ಲಿ ಇದಕ್ಕಿಂತ ಮುಖ್ಯವಾದ ಪಾಠ ನಮಗೆ ಕಾಣುವುದಿಲ್ಲ.

ನೀರನ್ನು ಅಲ್ಲಿಗೆ ತಲುಪಿಸಲು ಕೆಲವು ದಾರಿಗಳಿವೆ. ಕಾರಿನ ಮೇಲ್ಭಾಗದ ಉರಿ ಆರಿಸಿದ ಮೇಲೆ ನಾಜಲ್ಲನ್ನು ಕೆಳಗಿಳಿಸಿ, ಚಕ್ರದ ಸಂದಿ, ಅಡಿಭಾಗ, ಸುಟ್ಟು ತೂತಾದ ನೆಲ, ಅನಿಲ ಹೊರಬರುವ ರಂಧ್ರ ಇವುಗಳಿಗೆ ಗುರಿಯಿಡಬೇಕು. ಅನಿಲ ಎಲ್ಲಿಂದ ಹೊರಬರುತ್ತದೋ ಅದೇ ಪೆಟ್ಟಿಗೆಯ ಬಾಗಿಲು. ಕಾರಿನಡಿ ತಳ್ಳಬಹುದಾದ ಚಪ್ಪಟೆ ನಾಜಲ್ ಇದ್ದರೆ ಸಿಬ್ಬಂದಿ ದೂರ ನಿಂತೇ ನೀರು ಹಾಯಿಸಬಹುದು. ಜಾಗ ಸಾಲದಿದ್ದರೆ ಜ್ಯಾಕ್ ಅಥವಾ ವಿಂಚ್‌ನಿಂದ ಒಂದು ಪಕ್ಕ ಎತ್ತಿ, ಮರದ ದಿಮ್ಮಿಗಳ ಆಸರೆ ಕೊಟ್ಟು ಅಡಿಗೆ ನೀರು ಬಿಡುವುದುಂಟು. ಆದರೆ ಕಾರಿನ ಬದಿಯ ಕೆಳಅಂಚಿನಲ್ಲಿ ತಯಾರಕರು ಗುರುತಿಸಿದ ಎತ್ತುವ ಜಾಗಗಳಲ್ಲೇ ಜ್ಯಾಕ್ ಕೂರಬೇಕು. ಸ್ವಲ್ಪ ಒಳಗೆ ಸರಿದರೂ ಅದು ಬ್ಯಾಟರಿಯನ್ನೇ ಒತ್ತಿ, ಇನ್ನಷ್ಟು ಸೆಲ್‌ಗಳನ್ನು ಜಜ್ಜುತ್ತದೆ.

ಪೆಟ್ಟಿಗೆಯನ್ನೇ ಚುಚ್ಚಿ ಒಳಗೆ ನೀರು ಬಿಡುವ ಸಾಧನಗಳೂ ಬಂದಿವೆ. ಒಳಗೆ ಹೊಕ್ಕ ನೀರು ನಿಮಿಷಕ್ಕೆ ಹತ್ತಾರು ಲೀಟರ್ ಮಾತ್ರ ಇದ್ದರೂ ಕೆಲಸ ಮಾಡುತ್ತದೆ, ಮೇಲಿನ ಲೆಕ್ಕ ನಿಜವಾಗುವುದು ಇಲ್ಲಿಯೇ. ಇದಕ್ಕೆಂದೇ ತಯಾರಾಗಿ ದೂರದಿಂದ ನಡೆಸುವ ಯಂತ್ರವನ್ನು ತರಬೇತಿ ಪಡೆದವರು ಬಳಸುವುದು ಒಂದು. ಹಾರೆ, ಗುದ್ದಲಿ, ಸಾಮಾನ್ಯ ಚುಚ್ಚು ನಾಜಲ್ ಹಿಡಿದು ಬ್ಯಾಟರಿಗೆ ತೂತು ಕೊರೆಯುವುದು ಇನ್ನೊಂದು. ಎರಡನೆಯದನ್ನು ಮಾಡಲೇಬಾರದು. ಚೆನ್ನಾಗಿದ್ದ ಸೆಲ್ಲೂ ಶಾರ್ಟ್ ಆಗುತ್ತದೆ, ಕೊರೆದವರ ಮುಖಕ್ಕೇ ಜ್ವಾಲೆ ಚಿಮ್ಮುತ್ತದೆ, ಲೋಹದ ಸಲಕರಣೆ 400 ಅಥವಾ 800 ವೋಲ್ಟ್‌ಗೆ ತಾಗುತ್ತದೆ.

ಇದಕ್ಕೆ ಸರಿಯಾದ ಉತ್ತರ ಕಾರ್ಖಾನೆಯಲ್ಲೇ ಸಿಗಬೇಕು. ಫ್ರಾನ್ಸ್‌ನ ರೆನೋ ಕಂಪನಿ ತನ್ನ ವಿದ್ಯುತ್ ಕಾರುಗಳ ಬ್ಯಾಟರಿ ಪೆಟ್ಟಿಗೆಯಲ್ಲಿ ಒಂದು ರಂಧ್ರ ಬಿಟ್ಟು, ಅದಕ್ಕೆ ಬಿಲ್ಲೆ ಅಂಟಿಸಿಡುತ್ತದೆ. ಬೆಂಕಿ ಬಿದ್ದಾಗ ಹೋಸ್ ನೀರಿನ ರಭಸಕ್ಕೆ ಬಿಲ್ಲೆ ಕಿತ್ತುಬಂದು ನೀರು ನೇರ ಸೆಲ್‌ಗಳ ಮೇಲೆ ಹರಿಯುತ್ತದೆ. ಅಗ್ನಿಶಾಮಕರ ಜೊತೆ ಕೂತು ರೂಪಿಸಿದ ಈ ವಿನ್ಯಾಸದ ಪೇಟೆಂಟನ್ನು ಬೇರೆ ತಯಾರಕರೂ ಉಚಿತವಾಗಿ ಬಳಸಲು ಕಂಪನಿ ಬಿಟ್ಟುಕೊಟ್ಟಿದೆ. ಅಂಗೈಯಗಲದ ಒಂದು ತೂತಿನಿಂದ ಸಾವಿರಾರು ಲೀಟರ್ ನೀರು ಉಳಿಯುವುದಾದರೆ ಎಲ್ಲ ಕಾರುಗಳಲ್ಲೂ ಅದು ಕಡ್ಡಾಯವಾಗಬೇಕು ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಸದ್ಯಕ್ಕೆ ಇರುವ ಕಾರುಗಳಿಗೆ ನೀರಿನ ಏರ್ಪಾಡು ಮೊದಲೇ ಆಗಬೇಕು. 4,500 ಲೀಟರ್ ಟ್ಯಾಂಕರಿನಿಂದ ನಿಮಿಷಕ್ಕೆ 400 ಲೀಟರ್ ಬಿಟ್ಟರೆ 11 ನಿಮಿಷಕ್ಕೆ ತಳ ಕಾಣುತ್ತದೆ. ಬ್ಯಾಟರಿ ಸೇರಿಕೊಂಡಿದೆ ಎಂದು ಗೊತ್ತಾದ ಕ್ಷಣವೇ ಎರಡನೆಯ, ಮೂರನೆಯ ಟ್ಯಾಂಕರಿಗೆ ಕರೆ ಹೋಗಬೇಕು, ಹತ್ತಿರದ ಜಲಮೂಲ ಗುರುತಾಗಬೇಕು. ತಣಿಸುವುದನ್ನು ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ಅಷ್ಟರಲ್ಲಿ ಪಕ್ಕದ ಮಾಡ್ಯೂಲಿಗೆ ಶಾಖ ದಾಟಿ, ಮೊದಲು ಸುರಿದ ನೀರೆಲ್ಲ ವ್ಯರ್ಥವಾಗುತ್ತದೆ.

ಉರಿಯಲು ಬಿಡುವುದೂ ಒಂದು ನಿರ್ಧಾರ

ಬಯಲಿನಲ್ಲಿ ಒಂಟಿ ಕಾರು ಉರಿಯುತ್ತಿದೆ, ಒಳಗೆ ಯಾರೂ ಇಲ್ಲ, ಸುತ್ತ ಕಟ್ಟಡವಿಲ್ಲ, ಗಾಳಿ ಜನವಸತಿಯ ಕಡೆ ಬೀಸುತ್ತಿಲ್ಲ. ಇಂಥ ಕಡೆ ಅಕ್ಕಪಕ್ಕಕ್ಕೆ ಹರಡದಂತೆ ನೀರು ಹಿಡಿದು, ಬ್ಯಾಟರಿ ತಾನಾಗಿ ಉರಿದು ಮುಗಿಯಲು ಬಿಡುವುದೇ ಬಹುಪಾಲು ಜಾಣ ನಿರ್ಧಾರ. ಹೇಗೂ ಕಾರು ಉಳಿಯುವುದಿಲ್ಲ. ಪೂರ್ತಿ ಉರಿದ ಬ್ಯಾಟರಿಯಲ್ಲಿ ಶಕ್ತಿ ಉಳಿಯುವುದು ಕಡಿಮೆ, ಆಮೇಲೆ ಮತ್ತೆ ಹೊತ್ತಿಕೊಳ್ಳುವ ಸಾಧ್ಯತೆಯೂ ಕಡಿಮೆ. ನಿಕಲ್, ಕೋಬಾಲ್ಟ್, ಫ್ಲೋರೈಡ್ ಸೇರಿದ ಸಾವಿರಾರು ಲೀಟರ್ ನೀರು ಚರಂಡಿ ಸೇರುವುದೂ ತಪ್ಪುತ್ತದೆ. ಅಗ್ನಿಶಾಮಕರು ಕೈಕಟ್ಟಿ ನಿಂತಿದ್ದಾರೆ ಎಂದು ನೆರೆದವರು ಬೈಯಬಹುದು. ಹಾಗೆ ನಿಲ್ಲುವುದು ಏಕೆ ಸರಿ ಎಂದು ಅಲ್ಲೇ ಜನರಿಗೆ ತಿಳಿಸಲು ಒಬ್ಬರನ್ನು ನೇಮಿಸುವುದು ಒಳ್ಳೆಯದು. ಸೇತುವೆ, ಸುರಂಗ, ಬಸ್ ನಿಲ್ದಾಣ, ಕಟ್ಟಡದ ನೆಲಮಾಳಿಗೆಗಳಲ್ಲಿ ಈ ಆಯ್ಕೆ ಇಲ್ಲ.

ಒಳಗೆ ಜನ ಸಿಕ್ಕಿಕೊಂಡಿದ್ದರೆ ಎಲ್ಲ ಲೆಕ್ಕವನ್ನೂ ಬದಿಗಿಟ್ಟು ಅವರ ಮೇಲೆ, ಅವರ ಸುತ್ತ ನೀರಿನ ತೆರೆ ಹಿಡಿದು ಹೊರಗೆಳೆಯಬೇಕು. ಬಾಗಿಲ ಹಿಡಿಕೆ ಮೈಯೊಳಗೆ ಹುದುಗಿರುವ ಕಾರುಗಳಲ್ಲಿ ವಿದ್ಯುತ್ ಕೆಟ್ಟರೆ ಹಲವು ಬಾರಿ ಹಿಡಿಕೆ ಹೊರಬರುವುದೇ ಇಲ್ಲ. ಅದರ ಜೊತೆ ಗುದ್ದಾಡದೆ ಪಕ್ಕದ ಗಾಜು ಒಡೆಯುವುದೇ ಬೇಗ.

ಹತ್ತಿರ ಹೋಗುವಾಗ

ವಿದ್ಯುತ್ ಕಾರು ಚಾಲೂ ಇದ್ದರೂ ಸದ್ದು ಮಾಡುವುದಿಲ್ಲ. ಹಾಗಾಗಿ ಮುಂದೆ ಅಥವಾ ಹಿಂದೆ ನಿಲ್ಲದೆ ಮೂಲೆಯ ಕಡೆಯಿಂದ, ಗಾಳಿಗೆ ಬೆನ್ನು ಕೊಟ್ಟು ಹತ್ತಿರ ಹೋಗಬೇಕು. ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಸಾಧ್ಯವಾದರೆ ಪಾರ್ಕ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿಯನ್ನು ಕನಿಷ್ಠ ಐದಾರು ಮೀಟರ್ ದೂರ ಒಯ್ಯಬೇಕು. ಚಾರ್ಜಿಂಗ್‌ನಲ್ಲಿದ್ದರೆ ಚಾರ್ಜರಿನ ತುರ್ತು ಸ್ವಿಚ್ ಅಥವಾ ಕಟ್ಟಡದ ಮೇನ್ ಆಫ್ ಮಾಡುವುದು ಮೊದಲ ಕೆಲಸ, ಕೇಬಲ್ ಕೀಳುವುದು ಆಮೇಲೆ.

ಆ ಬಳಿಕ 12 ವೋಲ್ಟ್ ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು ಅಥವಾ ತಯಾರಕರು ಗುರುತಿಟ್ಟ ತುರ್ತು ತಂತಿಯನ್ನು ಕತ್ತರಿಸಬೇಕು. ಹೆಚ್ಚಿನ ವೋಲ್ಟೇಜಿನ ಕಾಂಟ್ಯಾಕ್ಟರುಗಳನ್ನು (ವಿದ್ಯುತ್ತಿನಿಂದ ನಡೆಯುವ ದೊಡ್ಡ ಸ್ವಿಚ್ಚುಗಳನ್ನು) ಹಿಡಿದಿಡುವುದು ಈ 12 ವೋಲ್ಟೇ. ಅದು ಹೋದರೆ ಅವು ತೆರೆದುಕೊಂಡು, ದೊಡ್ಡ ಬ್ಯಾಟರಿ ಕಾರಿನ ಉಳಿದ ಭಾಗದಿಂದ ಬೇರೆಯಾಗುತ್ತದೆ. ಮೋಟಾರಿಗೆ ವಿದ್ಯುತ್ ಕೊಡುವ ಇನ್ವರ್ಟರಿನ ಕೆಪಾಸಿಟರ್‌ನಲ್ಲಿ ಉಳಿದ ವಿದ್ಯುತ್ ಬರಿದಾಗಲು ಇನ್ನೂ ಕೆಲವು ನಿಮಿಷ ಹಿಡಿಯುತ್ತದೆ. ಇಷ್ಟಾದರೂ ಬ್ಯಾಟರಿ ಪೆಟ್ಟಿಗೆಯ ಒಳಗಿನ ವೋಲ್ಟೇಜ್ ಹಾಗೆಯೇ ಇರುತ್ತದೆ, ಅದನ್ನು ಆರಿಸುವ ಸ್ವಿಚ್ಚೇ ಇಲ್ಲ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಬಾರದು, ಕತ್ತರಿಸಬಾರದು. ಕೆಲಸ ಅನಿವಾರ್ಯವಾದರೆ 1,000 ವೋಲ್ಟ್‌ವರೆಗೆ ಬಳಸಬಹುದಾದ ಕ್ಲಾಸ್ 0 ರಬ್ಬರ್ ಕೈಗವಸು, ಅದರ ಮೇಲೆ ಚರ್ಮದ ಕೈಗವಸು ಬೇಕು. ಅಗ್ನಿಶಾಮಕರ ಮಾಮೂಲಿ ಕೈಗವಸು ಒದ್ದೆಯಾದ ಮೇಲೆ ವಿದ್ಯುತ್ತನ್ನು ತಡೆಯುವುದಿಲ್ಲ.

ನೀರಿನ ಧಾರೆಯ ಮೂಲಕ ಶಾಕ್ ಹೊಡೆಯುವುದೇ ಎಂಬ ಪ್ರಶ್ನೆ ಎಲ್ಲ ತರಬೇತಿಯಲ್ಲೂ ಏಳುತ್ತದೆ. ಇವಿ ಬ್ಯಾಟರಿಯ ಎರಡೂ ಧ್ರುವಗಳು ಕಾರಿನ ಮೈಯಿಂದಲೂ ಭೂಮಿಯಿಂದಲೂ ಬೇರ್ಪಟ್ಟಿರುತ್ತವೆ. 2013ರ ಪ್ರಯೋಗಗಳಲ್ಲಿ ನಾಜಲ್ ಬಳಿ ಅಪಾಯವೆನ್ನುವಷ್ಟು ವಿದ್ಯುತ್ ಅಳತೆಗೆ ಸಿಗಲಿಲ್ಲ. ಅಪಾಯ ಇರುವುದು ಸುಟ್ಟು ಬಯಲಾದ ಭಾಗಗಳನ್ನು ಕೈಯಿಂದಲೋ ಸಲಕರಣೆಯಿಂದಲೋ ಮುಟ್ಟುವಲ್ಲಿ.

ಯಾವ ಕಾರಿನಲ್ಲಿ ಕತ್ತರಿಸುವ ತಂತಿ ಎಲ್ಲಿದೆ, ಬ್ಯಾಟರಿ ಎಲ್ಲಿಯವರೆಗೆ ಚಾಚಿದೆ ಎಂಬುದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಐಎಸ್‌ಒ 17840 ಮಾನದಂಡದ ರಕ್ಷಣಾ ಹಾಳೆಗಳು ಇದನ್ನು ಚಿತ್ರ ಸಮೇತ ತೋರಿಸುತ್ತವೆ. ಕಾರುಗಳ ಸುರಕ್ಷತೆ ಪರೀಕ್ಷಿಸುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್‌ನ ರೆಸ್ಕ್ಯೂ ಆ್ಯಪ್‌ನಲ್ಲಿ ಇಂಥ ಹಾಳೆಗಳು ಉಚಿತವಾಗಿ ಸಿಗುತ್ತವೆ. ಬೆಂಕಿಯ ಮುಂದೆ ನಿಂತು ಹುಡುಕುವುದಕ್ಕಿಂತ ಠಾಣೆಯಲ್ಲೇ ಫೋನಿಗೆ ಇಳಿಸಿಕೊಂಡು ಓದಿಡಬೇಕು.

ಉಸಿರಾಟದ ಸಾಧನವನ್ನು ಹೊಗೆ ಕಂಡಾಗ ಹಾಕಿಕೊಂಡರೆ ತಡವಾಯಿತು, ಹಾಕಿಕೊಂಡೇ ಹತ್ತಿರ ಹೋಗಬೇಕು. ಎಲೆಕ್ಟ್ರೋಲೈಟ್‌ನ ಫ್ಲೋರಿನ್ ಲವಣ ತೇವಕ್ಕೆ ಸೇರಿ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಅದು ಚರ್ಮದೊಳಗೆ ಇಳಿದು ದೇಹದ ಕ್ಯಾಲ್ಸಿಯಂ ಹೀರುತ್ತದೆ, ನೋವು ಕೆಲವೊಮ್ಮೆ ಗಂಟೆಗಳ ಮೇಲೆ ಶುರುವಾಗುತ್ತದೆ. ತಾಗಿದ ಜಾಗವನ್ನು ಧಾರಾಳ ನೀರಿನಲ್ಲಿ ತೊಳೆದು, 2.5 ಶೇಕಡಾ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಹಚ್ಚಿ ಆಸ್ಪತ್ರೆಗೆ ಕಳಿಸಬೇಕು. ಇವಿ ಬೆಂಕಿಗೆ ಹೋಗುವ ಪ್ರತಿ ವಾಹನದಲ್ಲೂ ಆ ಜೆಲ್ ಇರಲಿ. ಬೆಂಕಿ ಮುಗಿದ ಮೇಲೆ ಉಡುಪನ್ನು ಸ್ಥಳದಲ್ಲೇ ತೊಳೆದು, ಕಳಚಿ, ಚೀಲದಲ್ಲಿ ಬಿಗಿದು ತರಬೇಕು. ಹಾಗೇ ತೊಟ್ಟು ವಾಹನದ ಕ್ಯಾಬಿನ್ನಿಗೆ ಹತ್ತಬಾರದು.

ಮುಚ್ಚಿದ ಜಾಗಗಳು, ಹೊದಿಕೆಗಳು

2024ರ ಆಗಸ್ಟ್ 1ರಂದು ದಕ್ಷಿಣ ಕೊರಿಯಾದ ಇಂಚಿಯಾನ್‌ನ ವಸತಿ ಸಮುಚ್ಚಯವೊಂದರ ನೆಲಮಾಳಿಗೆಯಲ್ಲಿ ನಿಂತಿದ್ದ ವಿದ್ಯುತ್ ಕಾರು ಹೊತ್ತಿಕೊಂಡಿತು. ಅದು ಚಾರ್ಜಿಂಗ್‌ನಲ್ಲೂ ಇರಲಿಲ್ಲ. ಬೆಂಕಿ ಆರಲು ಎಂಟು ಗಂಟೆ ಹಿಡಿಯಿತು, ಹತ್ತಾರು ಕಾರು ಸುಟ್ಟವು. ಅಲ್ಲಿ ಸ್ಪ್ರಿಂಕ್ಲರ್ ಇತ್ತು, ಆದರೆ ಅಲಾರಂ ಬಂದ ಕೂಡಲೇ ಸಿಬ್ಬಂದಿಯೊಬ್ಬರು ಅದನ್ನು ನಿಲ್ಲಿಸುವ ಗುಂಡಿ ಒತ್ತಿದ್ದು ತನಿಖೆಯಲ್ಲಿ ಹೊರಬಂತು. ಸ್ಪ್ರಿಂಕ್ಲರ್ ನೀರು ಬ್ಯಾಟರಿಯೊಳಗೆ ಹೋಗದು, ನಿಜ. ಅದರ ಕೆಲಸ ಪಕ್ಕದ ಕಾರುಗಳನ್ನು, ಚಾವಣಿಯನ್ನು ತಣ್ಣಗಿಟ್ಟು ಬೆಂಕಿ ಒಂದೆರಡು ವಾಹನ ದಾಟದಂತೆ ನೋಡಿಕೊಳ್ಳುವುದು. ನೆಲಮಾಳಿಗೆಗೆ ಇಳಿಯುವ ತಂಡ ಸ್ಪ್ರಿಂಕ್ಲರ್ ನಿಲ್ಲಿಸದಂತೆ ಕಾವಲಿಟ್ಟು, ಹೊಗೆ ಹೊರಹಾಕುವ ಫ್ಯಾನ್ ಓಡಿಸಿ, ಅನಿಲ ಮಾಪಕ ಹಿಡಿದು ಹೋಗಬೇಕು. ಹೈಡ್ರೋಜನ್ ಗಾಳಿಯಲ್ಲಿ ಶೇಕಡಾ 4 ಆದರೆ ಸಾಕು, ಹೊತ್ತಿಕೊಳ್ಳುತ್ತದೆ. ಜ್ವಾಲೆ ಅಡಗಿದ ಮೇಲೆ ಚಕ್ರದಡಿ ಉರುಳುಬಂಡಿ ಇಟ್ಟು ಕಾರನ್ನು ಬಯಲಿಗೆ ಎಳೆದು ತಂದು ಅಲ್ಲಿ ತಣಿಸುವುದು ಎಲ್ಲಕ್ಕಿಂತ ಸುರಕ್ಷಿತ.

ಅನಿಲ ತುಂಬಿದ ಕೋಣೆಯ ಬಾಗಿಲು ತೆರೆದರೆ ಏನಾಗಬಹುದು ಎಂಬುದನ್ನು 2019ರ ಏಪ್ರಿಲ್‌ನಲ್ಲಿ ಅಮೆರಿಕದ ಅರಿಜೋನಾದ ಬ್ಯಾಟರಿ ಸಂಗ್ರಹಾಗಾರ ತೋರಿಸಿತು. ಅದು ಕಾರಲ್ಲ, ವಿದ್ಯುತ್ ಜಾಲದ ಬ್ಯಾಟರಿ ಇಟ್ಟ ಕಟ್ಟಡ. ಸಿಬ್ಬಂದಿ ಬಾಗಿಲು ತೆರೆದ ಕೆಲವೇ ನಿಮಿಷದಲ್ಲಿ ಒಳಗಿನ ಅನಿಲ ಸ್ಫೋಟಿಸಿ ಹಲವು ಅಗ್ನಿಶಾಮಕರು ತೀವ್ರವಾಗಿ ಗಾಯಗೊಂಡರು. ಮುಚ್ಚಿದ ಗ್ಯಾರೇಜ್, ಕಂಟೇನರ್, ಬಸ್ಸು ಎಲ್ಲಕ್ಕೂ ಇದೇ ಎಚ್ಚರ: ಬಾಗಿಲಿಗೆ ಎದುರಾಗಿ ನಿಲ್ಲಬಾರದು.

ಈಚೆಗೆ ಬಹಳ ಪ್ರಚಾರದಲ್ಲಿರುವ ಬೆಂಕಿ ಹೊದಿಕೆಯ ಬಗ್ಗೆಯೂ ಇದೇ ಅನುಮಾನ. ಕಾರಿನ ಮೇಲೆ ದೊಡ್ಡ ಹೊದಿಕೆ ಎಳೆದರೆ ಹೊರಗಿನ ಜ್ವಾಲೆ ತಗ್ಗುತ್ತದೆ, ಪಕ್ಕದ ವಾಹನ ಉಳಿಯುತ್ತದೆ. ಬ್ಯಾಟರಿ ಮಾತ್ರ ಅಡಿಯಲ್ಲಿ ಅನಿಲ ಉಗುಳುತ್ತಲೇ ಇರುತ್ತದೆ, ಉರಿದು ಹೋಗಬೇಕಾದ ಅನಿಲ ಹೊದಿಕೆಯಡಿ ಶೇಖರವಾಗುತ್ತದೆ. ಅಂಚೆತ್ತಿ ನೋಡಲು ಹೋದ ಕ್ಷಣ ಗಾಳಿ ಒಳನುಗ್ಗಿ ಸ್ಫೋಟಿಸಬಹುದು. ಒತ್ತೊತ್ತಾಗಿ ನಿಂತ ವಾಹನಗಳ ನಡುವೆ ಸಮಯ ಗಳಿಸಲು ಅದು ಉಪಯೋಗಕ್ಕೆ ಬರಬಹುದು. ಆರಿಸುವ ಸಾಧನ ಎಂದು ಅದನ್ನು ನಂಬುವುದು ಸರಿಯಲ್ಲ.

ಆರಿದ ಮೇಲೆ

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2020ರ ವರದಿಯಲ್ಲಿ ನಾಲ್ಕು ವಿದ್ಯುತ್ ಕಾರುಗಳ ಬೆಂಕಿಯನ್ನು ಬಿಡಿಸಿ ನೋಡಿದೆ. 2018ರಲ್ಲಿ ಮೌಂಟನ್ ವ್ಯೂನಲ್ಲಿ ಅಪಘಾತಕ್ಕೀಡಾದ ಕಾರು ಐದು ದಿನಗಳ ಮೇಲೆ ಗುಜರಿ ಅಂಗಳದಲ್ಲಿ ಮತ್ತೆ ಹೊತ್ತಿಕೊಂಡಿತು. ಅದೇ ವರ್ಷ ಫೋರ್ಟ್ ಲಾಡರ್‌ಡೇಲ್‌ನ ಕಾರು ಟೋಯಿಂಗ್ ವಾಹನಕ್ಕೆ ಹೇರುವಾಗಲೂ, ಅಂಗಳಕ್ಕೆ ತಂದ ಮೇಲೂ ಹೊತ್ತಿಕೊಂಡಿತು. ಅರ್ಧ ಬೆಂದ ಬ್ಯಾಟರಿಯಲ್ಲಿ ಉಳಿದ ಸೆಲ್‌ಗಳು ಪೂರ್ತಿ ಚಾರ್ಜ್ ಹಿಡಿದುಕೊಂಡೇ ಇರುತ್ತವೆ. ಜಜ್ಜಿದ ಸೆಲ್ಲಿನಲ್ಲಿ ನಿಧಾನವಾಗಿ ಬೆಳೆಯುವ ಶಾರ್ಟ್, ಒಳಗೆ ನಿಂತ ನೀರು, ಸಾಗಿಸುವಾಗಿನ ಕುಲುಕಾಟ ಯಾವುದಾದರೂ ಸಾಕು. ಉಪ್ಪುನೀರು ಇನ್ನೂ ಕೆಟ್ಟದ್ದು: 2022ರಲ್ಲಿ ಇಯಾನ್ ಚಂಡಮಾರುತದ ನೆರೆಯಲ್ಲಿ ಮುಳುಗಿದ ಫ್ಲಾರಿಡಾದ ಕಾರುಗಳು ನೀರಿಳಿದ ಮೇಲೆ ಹೊತ್ತಿಕೊಂಡವು.

ಆದ್ದರಿಂದ ಜ್ವಾಲೆ ಕಾಣದಾದ ಮೇಲೆ ನೀರು ನಿಲ್ಲಿಸಿ ಥರ್ಮಲ್ ಕ್ಯಾಮೆರಾ ಹಿಡಿದು ಕಾಯಬೇಕು. ಬ್ಯಾಟರಿ ಪೆಟ್ಟಿಗೆಯನ್ನು ಪಕ್ಕಗಳಿಂದಲೂ ಅಡಿಯಿಂದಲೂ ಗುರುತು ಮಾಡಿದ ಅದೇ ಜಾಗಗಳಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಅಳೆದು ಬರೆದಿಡಬೇಕು. ಕ್ಯಾಮೆರಾ ತೋರಿಸುವುದು ಹೊರಮೈಯ ಶಾಖ ಮಾತ್ರ, ಆಗಷ್ಟೇ ನೀರು ಬಿದ್ದ ಲೋಹ ತಣ್ಣಗೇ ಕಾಣುತ್ತದೆ. ಒಂದು ಅಳತೆಗಿಂತ ಏರಿಕೆ ಇಳಿಕೆಯ ಜಾಡು ಮುಖ್ಯ. ಹೊಗೆ, ಸದ್ದು, ಶಾಖದ ಏರಿಕೆ ಯಾವುದೂ ಇಲ್ಲದೆ ಮುಕ್ಕಾಲರಿಂದ ಒಂದು ಗಂಟೆ ಕಳೆದ ಮೇಲೆಯೇ ವಾಹನವನ್ನು ಬಿಟ್ಟುಕೊಡಬೇಕು.

ಸುಟ್ಟ ಕಾರನ್ನು ನೀರು ತುಂಬಿದ ಕಂಟೇನರಿನಲ್ಲಿ ಮುಳುಗಿಸಿಡುವ ಪದ್ಧತಿ ಕೆಲವು ದೇಶಗಳಲ್ಲಿದೆ. ಮತ್ತೆ ಮತ್ತೆ ಹೊತ್ತಿಕೊಳ್ಳುವ ವಾಹನಕ್ಕೆ ಅದು ಸರಿ, ಎಲ್ಲದಕ್ಕೂ ಅಲ್ಲ. ಕ್ರೇನ್ ಬೇಕು, ನೀರಿನಲ್ಲಿ ವಿದ್ಯುದ್ವಿಭಜನೆಯಾಗಿ ಹೈಡ್ರೋಜನ್ ಏಳುವುದರಿಂದ ಮೇಲೆ ಮುಚ್ಚುವಂತಿಲ್ಲ, ಕೊನೆಗೆ ಕಂಟೇನರಿನಷ್ಟೂ ವಿಷನೀರನ್ನು ವಿಲೇವಾರಿ ಮಾಡಬೇಕು.

ಸಾಗಿಸುವುದು ನಾಲ್ಕೂ ಚಕ್ರ ಮೇಲೇರುವ ಫ್ಲಾಟ್‌ಬೆಡ್ ಲಾರಿಯ ಮೇಲೆಯೇ. ಚಕ್ರ ನೆಲದ ಮೇಲೆ ಉರುಳಿದರೆ ಮೋಟಾರು ಜನರೇಟರ್ ಆಗಿ ವಿದ್ಯುತ್ ಹುಟ್ಟಿಸುತ್ತದೆ. ಟೋಯಿಂಗ್‌ನವರಿಗೆ ಬ್ಯಾಟರಿ ಕೆಟ್ಟಿದೆ ಎಂದು ಬಾಯಿಮಾತಿನಲ್ಲಿ ಹೇಳಿ ಬಿಡದೆ, ಕೊನೆಯ ಅಳತೆಗಳು, 12 ವೋಲ್ಟ್ ಕಡಿದ ಸಮಯ, ಮಾಡಿದ ಕೆಲಸಗಳನ್ನು ಬರೆದ ಹಾಳೆ ಕೊಡಬೇಕು. ದಾರಿಯಲ್ಲಿ ಕಿಟಕಿಗಳನ್ನು ತೆರೆದಿಡಬೇಕು, ಸುರಂಗ ತಪ್ಪಿಸಬೇಕು, ಹಿಂದೆ ಒಂದು ಅಗ್ನಿಶಾಮಕ ವಾಹನ ಹೋಗಬೇಕು. ಅಂಗಳದಲ್ಲಿ ನಾಲ್ಕೂ ಕಡೆ 15 ಮೀಟರ್ ಖಾಲಿ ಬಿಟ್ಟು, ಮಳೆ ನೀರು ನಿಲ್ಲದ ಕಡೆ ನಿಲ್ಲಿಸಿ, ಅಂಗಳದ ಕಾವಲುಗಾರನಿಗೆ ಬಿಳಿ ಹೊಗೆ ಹೇಗಿರುತ್ತದೆ, ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ತಿಳಿಸಿಯೇ ತಂಡ ಅಲ್ಲಿಂದ ಹೊರಡಬೇಕು.